ಆಲ್ಕೊಹಾಲಿಕ್ಸ್ ಅನಾನಿಮಸ್: ಮೊದಲ ಸಭೆಯ ಅನುಭವ
ಅಣ್ಣನೊಂದಿಗೆ ನಾನು ಹೋದದ್ದು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ, ಬೆಂಗಳೂರಿನಲ್ಲಿ ನಡೆಯುವ, ಮನೆಯವರೂ ಕೂರಬಹುದಾದ ಓಪನ್ ಮೀಟಿಂಗ್‌ಗೆ. ಅಲ್ಲಿ ಯಾರೂ ಊರು, ಉದ್ಯೋಗ ಕೇಳಲಿಲ್ಲ. 1935ರಲ್ಲಿ ಅಮೆರಿಕದ ಆ್ಯಕ್ರನ್‌ನಲ್ಲಿ, ಕುಡಿತಕ್ಕೆ ಸಿಕ್ಕಿದ್ದ ಇಬ್ಬರ ಮಾತುಕತೆಯಿಂದ ಹುಟ್ಟಿದ ಈ ಕೂಟವನ್ನು ಸೇರಲು ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆಯಾಗಿದ್ದು, ಖರ್ಚೆಲ್ಲ ಸದಸ್ಯರ ಕಾಣಿಕೆಯಿಂದಲೇ ನಡೆಯುತ್ತದೆ. ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ಚಹಾ, ಸೌಕರ್ಯವೆಂದರೆ ಅಷ್ಟೇ. ಆದರೆ ದೇವರ ಮುಂದೆ ಆಣೆ ಮಾಡಿ ಮಾಡಿ ಮುರಿದಿದ್ದ ಅಣ್ಣನಿಗೆ, ‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎಂಬ ಸಣ್ಣ ಲೆಕ್ಕವು ತನ್ನ ಕೈಲಾಗುವಂಥದ್ದು ಎನಿಸಿತು.

ಇದು ಆಸ್ಪತ್ರೆಯಲ್ಲ ಎಂಬುದು ಮಾತ್ರ ನೆನಪಿರಲಿ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕದಿಂದ ಹಿಡಿದು ಫಿಟ್ಸ್, ಭ್ರಮೆಯವರೆಗೂ ಹೋಗಬಹುದಾದ್ದರಿಂದ, ನಾವು ಮೊದಲು ವೈದ್ಯರಿಗೆ ತೋರಿಸಿ, ಥಯಾಮಿನ್ (ಬಿ1 ವಿಟಮಿನ್) ಸಹಿತ ಔಷಧಿ ಆರಂಭಿಸಿದ ಮೇಲೆಯೇ ಸಭೆಗೆ ಬಂದೆವು. ಮುಂದಿನ ವಾರವೂ ಹೋಗುತ್ತೇವೆ.