ಸೋಯಾ ಕ್ಯಾಪ್ಸೂಲಿಗೆ ಎರಡು ಸ್ಟಾರ್, ಅದೂ ಡಬ್ಬಿಯ ಮುಚ್ಚಳಕ್ಕೆ

ನಮ್ಮ ಅಪ್ಪನಿಗೆ ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಆಗಿತ್ತು. ನನಗೀಗ 52. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ನಮಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು ಅಂತ ಡಾಕ್ಟರು ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಫೋನ್ ಒತ್ತುತ್ತಾ ಕೂತಿದ್ದಾಗ ಈ ಸೋಯಾ ಐಸೋಫ್ಲೇವೋನ್ (ಸೋಯಾಕಾಳಿನಲ್ಲಿರುವ ಒಂದು ಅಂಶ) ಕ್ಯಾಪ್ಸೂಲ್ ಕಣ್ಣಿಗೆ ಬಿತ್ತು. 60 ಕ್ಯಾಪ್ಸೂಲಿಗೆ 899 ರೂಪಾಯಿ. ಹಿಂದೆಮುಂದೆ ನೋಡದೆ ಮೂರು ಡಬ್ಬಿ ತರಿಸಿಬಿಟ್ಟೆ. ಕಂಪನಿ ಹೆಸರು ಬೇಡ, ಇಂಥವು ಹತ್ತಾರು ಇವೆ.

ಡಬ್ಬಿಯ ಮುಂದೆ ಹಸಿರು ಎಲೆ, ನಗುತ್ತಾ ಓಡುತ್ತಿರುವ ನರೆಗೂದಲಿನ ಗಂಡಸು, 'ಪ್ರಾಸ್ಟೇಟ್ ಆರೋಗ್ಯಕ್ಕೆ' ಅಂತ ದಪ್ಪಕ್ಷರ. ಹಿಂದೆ ತಿರುಗಿಸಿ, ಕನ್ನಡಕ ಹಾಕಿ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ 'ಔಷಧಿಯಾಗಿ ಬಳಸಲು ಅಲ್ಲ'. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ, ಬರೆಯಲೇಬೇಕು, ಬರೆದಿದ್ದಾರೆ. ಕ್ಯಾನ್ಸರ್ ಅನ್ನೋ ಮಾತು ಎಲ್ಲೂ ಇಲ್ಲ. ಅದನ್ನು ಸೇರಿಸಿ ಓದಿಕೊಂಡವನು ನಾನೇ.

ಸೋಯಾ ಈ ಕ್ಯಾನ್ಸರ್ ತಡೆಯುತ್ತದೆ ಅನ್ನೋ ನಂಬಿಕೆಯ ಹಿಂದಿರುವುದು ಜಪಾನಿನ ಕಥೆ. ಅಲ್ಲಿ ತೋಫು, ಮಿಸೋ ಥರದ ಸೋಯಾ ತಿನಿಸು ಜಾಸ್ತಿ ತಿನ್ನುತ್ತಾರೆ, ಪ್ರಾಸ್ಟೇಟ್ ಕ್ಯಾನ್ಸರ್ ಅಮೆರಿಕಕ್ಕಿಂತ ಕಡಿಮೆ, ಅಮೆರಿಕಕ್ಕೆ ಹೋಗಿ ನೆಲೆಸಿದ ಜಪಾನಿಗಳಲ್ಲಿ ಹೆಚ್ಚಾಯಿತು. ನಿಜವೇ. ಆದರೆ ಊರು ಬಿಟ್ಟವರು ತೋಫು ಒಂದನ್ನೇ ಬಿಟ್ಟರಾ? ಊಟ, ತೂಕ, ದಿನಚರಿ ಎಲ್ಲಾ ಬದಲಾಯಿತು ಅಲ್ವಾ.

ಸುಮ್ನೆ ಊಹೆ ಮಾಡುವ ಬದಲು ಕೊಟ್ಟು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ಆಪರೇಷನ್ ಆಗಿ, ಕ್ಯಾನ್ಸರ್ ಮರಳಿ ಬರುವ ಭಯ ಜಾಸ್ತಿ ಇದ್ದ 177 ಗಂಡಸರಲ್ಲಿ ಅರ್ಧ ಜನಕ್ಕೆ ದಿನಾ 20 ಗ್ರಾಂ ಸೋಯಾ ಪ್ರೋಟೀನ್ ಪುಡಿ, ಉಳಿದವರಿಗೆ ಹಾಲಿನ ಪ್ರೋಟೀನ್ ಪುಡಿ, ಎರಡು ವರ್ಷ. 2013ರಲ್ಲಿ ಫಲಿತಾಂಶ ಬಂತು: ಪಿಎಸ್‌ಎ (ರಕ್ತದಲ್ಲಿ ಅಳೆಯುವ ಪ್ರಾಸ್ಟೇಟ್‌ನ ಒಂದು ಪ್ರೋಟೀನ್, ಆಪರೇಷನ್ ಆದಮೇಲೆ ಏರಿದರೆ ಕ್ಯಾನ್ಸರ್ ಮರಳಿದ ಸೂಚನೆ) ಮತ್ತೆ ಏರಿದ್ದು ಸೋಯಾದವರಲ್ಲಿ ಶೇ. 27.2, ಹಾಲಿನವರಲ್ಲಿ ಶೇ. 29.5. ವ್ಯತ್ಯಾಸ ಅನ್ನುವಂಥದ್ದೇನೂ ಇಲ್ಲ ಅಂತ ನಡುವೆಯೇ ನಿಲ್ಲಿಸಿದರು. ಅದು ಆಪರೇಷನ್ ಆದವರ ಕಥೆ, ನಮ್ಮಂಥವರದ್ದಲ್ಲ ಅನ್ನಬಹುದು. ಕೆನಡಾದಲ್ಲಿ ಕ್ಯಾನ್ಸರ್ ಇನ್ನೂ ಬಂದಿರದ, ಬಯಾಪ್ಸಿಯಲ್ಲಿ ಮುನ್ಸೂಚನೆ ಮಾತ್ರ ಕಂಡಿದ್ದ 303 ಜನರಲ್ಲಿ ಸುಮಾರು ಅರ್ಧ ಜನಕ್ಕೆ ಸೋಯಾ, ವಿಟಮಿನ್ ಇ, ಸೆಲೆನಿಯಂ ಮೂರನ್ನೂ ಸೇರಿಸಿ ಮೂರು ವರ್ಷ ಕೊಟ್ಟು ನೋಡಿದರು. ಅಲ್ಲೂ ತಡೆಯಲಿಲ್ಲ.

ಇದನ್ನೆಲ್ಲ ಮೊದಲೇ ಓದಬೇಕಿತ್ತು. ನಾನು ಓದಿದ್ದು ಎರಡು ಡಬ್ಬಿ ಖಾಲಿಯಾದ ಮೇಲೆ! ನನಗಾದ ಬದಲಾವಣೆ ಅಂದರೆ ಹೊಟ್ಟೆ ಉಬ್ಬರ ಒಂದೇ.

ಇನ್ನೊಂದು ಎಡವಟ್ಟು. 'ಹೆಂಗಸರಿಗೂ ಒಳ್ಳೆಯದಂತೆ ರೀ' ಅಂತ ನನ್ನ ಹೆಂಡತಿಯೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ಒಂದು ನುಂಗಲು ಶುರುಮಾಡಿದ್ದಳು. ನಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗ ನೋಡಿ ಬೈದ: 'ಆಂಟಿ, ಸೋಯಾ ಜೊತೆ ತಗೊಂಡ್ರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ.' ಡಬ್ಬಿಯ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ.

ಸೋಯಾ ಮೇಲೆ ನನಗೇನೂ ಕೋಪ ಇಲ್ಲ. ಭಾನುವಾರ ಮೀಲ್ ಮೇಕರ್ ಪಲಾವ್ ಈಗಲೂ ಆಗುತ್ತದೆ, ತಿನ್ನುತ್ತೇನೆ. ಪಿಎಸ್‌ಎ ಟೆಸ್ಟ್ ಮಾಡಿಸಿದ್ದೇನೆ, ಮುಂದಿನದು ಯಾವಾಗ ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರೆ. ಮೂರನೇ ಡಬ್ಬಿ ಸೀಲ್ ಒಡೆಯದೆ ಹಾಗೇ ಇದೆ, ವಾಪಸ್ ತಗೊಳ್ಳಲ್ಲವಂತೆ. ಖಾಲಿ ಡಬ್ಬಿಗಳ ಮುಚ್ಚಳ ಮಾತ್ರ ಬಿಗಿಯಾಗಿದೆ. ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಮೆಂತ್ಯ ತುಂಬಿಟ್ಟಿದ್ದೇವೆ.