ಗ್ಯಾಸ್‌ಗೆ ಐದಕ್ಕೆ ಐದು, ಫಿಟ್ ಮಾಡಿದವರಿಗೆ ಎರಡು

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶೆಡ್. ಸ್ಲೈಡಿಂಗ್ ಹೆಡ್ ಸಿಎನ್‌ಸಿ, ಅಂದರೆ ಸಣ್ಣ ಲೋಹದ ಭಾಗಗಳನ್ನು ತಾನಾಗೇ ಕಡೆಯುವ ಕಂಪ್ಯೂಟರ್ ಲೇತ್, ಎರಡಿವೆ. ರಾತ್ರಿ ಲೋಹದ ಬಾರ್ ತುಂಬಿಸಿ, ಓಡಲು ಬಿಟ್ಟು ಮನೆಗೆ ಹೋಗುತ್ತೇವೆ. ಇವಕ್ಕೆ ಹಾಕುವುದು ನೀರು ಬೆರೆಸಿದ ಕೂಲೆಂಟ್ ಅಲ್ಲ, ನೀಟ್ ಆಯಿಲ್, ಅಂದರೆ ಬರೀ ಎಣ್ಣೆ. ಟೂಲ್ ಮುರಿದು ಉಜ್ಜಿತು ಅಂದರೆ ಒಳಗಿನ ಆಯಿಲ್ ಹೊಗೆಗೆ ಒಂದು ಕಿಡಿ ಸಾಕು. ಅದಕ್ಕೇ ಹೋದ ವರ್ಷ ಒಂದು ಮೆಷಿನ್‌ಗೆ ಬೆಂಕಿ ಆರಿಸುವ ಆಟೋಮ್ಯಾಟಿಕ್ ಸಿಓ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬಾಕ್ಸ್ ಹಾಕಿಸಿದೆ.

ಕೆಲಸ ಸರಳ. ಮೆಷಿನ್ ಒಳಗೆ ಒಂದು ಪ್ಲಾಸ್ಟಿಕ್ ಟ್ಯೂಬ್ ಓಡಾಡಿರುತ್ತದೆ, ಅದರಲ್ಲಿ ಪ್ರೆಷರ್ ಇರುತ್ತದೆ. ಬೆಂಕಿ ಬಿದ್ದ ಕಡೆ ಟ್ಯೂಬ್ ಒಡೆಯುತ್ತದೆ, ಪ್ರೆಷರ್ ಇಳಿದ ಕೂಡಲೇ ವಾಲ್ವ್ ತೆರೆದು ನಾಝಲ್‌ನಿಂದ ಗ್ಯಾಸ್ ಬರುತ್ತದೆ. ಕರೆಂಟೇ ಬೇಡ. ಬೆಸ್ಕಾಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನಗೆ ಇಷ್ಟವಾಗಿದ್ದೇ ಇದು. ನಾನು ಮೊದಲು ಮುಂಬೈ ಹೈನ ತೈಲ ಪ್ಲಾಟ್‌ಫಾರ್ಮ್‌ನಲ್ಲಿ ಮೆಕ್ಯಾನಿಕ್ ಆಗಿದ್ದವನು, ಸಮುದ್ರದ ನಡುವೆ ಫೈರ್ ಎಂಜಿನ್ ಬರಲ್ಲ, ಅಲ್ವಾ? 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಪ್ಲಾಟ್‌ಫಾರ್ಮ್‌ನಲ್ಲಿ ಸ್ಫೋಟ, ಬೆಂಕಿಗೆ 167 ಜನ ಸತ್ತರು. ಡೈವರ್‌ಗಳು ನೀರಿನಲ್ಲಿದ್ದರು ಅಂತ ಅಲ್ಲಿನ ಡೀಸೆಲ್ ಫೈರ್ ಪಂಪುಗಳನ್ನು ಮ್ಯಾನ್ಯುಯಲ್‌ನಲ್ಲಿ ಇಟ್ಟಿದ್ದರು, ಸ್ಫೋಟ ಆದ ಮೇಲೆ ಶುರು ಮಾಡೋಕೆ ಹತ್ತಿರ ಹೋಗಲೂ ಆಗಲಿಲ್ಲ. ತಾನಾಗೇ ಕೆಲಸ ಮಾಡುವ ವ್ಯವಸ್ಥೆಗೆ ದುಡ್ಡು ಕೊಡಲು ನಾನು ಚೌಕಾಸಿ ಮಾಡಲ್ಲ.

ಎರಡು ತಿಂಗಳ ಹಿಂದೆ ಸಂಜೆ ಟೀ ಹಿಡಿದು ನಿಂತಿದ್ದೆ. ಮೆಷಿನ್ ಕಿಟಕಿಯಲ್ಲಿ ಕೇಸರಿ ಬೆಳಕು. ಕಪ್ ಕೆಳಗಿಡುವಷ್ಟರಲ್ಲಿ ಟಪ್ ಅಂತ ಸದ್ದು, ಒಳಗೆಲ್ಲ ಬೆಳ್ಳಗೆ. ಬೆಂಕಿ ಆರಿತು. ಆಹಾ ಅಂದುಕೊಂಡೆ. ಅರ್ಧ ನಿಮಿಷಕ್ಕೆ ಮತ್ತೆ ಹತ್ತಿತು! ನೋಡಿದರೆ ಆಯಿಲ್ ಪಂಪ್ ಸುರಿಯುತ್ತಲೇ ಇದೆ, ಮೇಲಿನ ಮಿಸ್ಟ್ ಕಲೆಕ್ಟರ್ (ಆಯಿಲ್ ಹೊಗೆ ಎಳೆಯುವ ಫ್ಯಾನ್) ಗ್ಯಾಸನ್ನೆಲ್ಲ ಸೊರ್ ಅಂತ ಎಳೆದುಕೊಳ್ಳುತ್ತಿದೆ. ಎಮರ್ಜೆನ್ಸಿ ಒತ್ತಿ, ಕೈ ಸಿಲಿಂಡರ್‌ನಿಂದ ನಾನೇ ಆರಿಸಿದೆ.

ಪ್ಲಾಟ್‌ಫಾರ್ಮ್‌ನ ಮೆಷಿನರಿ ರೂಮಿನಲ್ಲಿ ಗ್ಯಾಸ್ ಬರುವುದು ಕೊನೆಗೆ. ಮೊದಲು ಸೈರನ್, ಜನ ಎಲ್ಲ ಹೊರಗೆ, ಎಣಿಸಿ ನೋಡಬೇಕು, ಯಾಕಂದರೆ ರೂಮಿನ ಗಾಳಿಯಲ್ಲಿ ಅಷ್ಟು ಸಿಓ2 ತುಂಬಿದರೆ ಒಳಗಿದ್ದವನು ಉಳಿಯಲ್ಲ. ಆಮೇಲೆ ಫ್ಯಾನ್ ಬಂದ್, ಗಾಳಿ ಬರುವ ದಾರಿಯ ಡ್ಯಾಂಪರ್ ಮುಚ್ಚು, ಡೀಸೆಲ್ ವಾಲ್ವ್ ಕಟ್. ಆಮೇಲೆ ಗ್ಯಾಸ್. ನಮ್ಮ ಬಾಕ್ಸಿನಲ್ಲೂ ಪ್ರೆಷರ್ ಸ್ವಿಚ್ ಇತ್ತು ಮಾರಾಯ್ರೆ, ಸಿಸ್ಟಂ ಕೆಲಸ ಮಾಡಿದ ಕೂಡಲೇ ಅದರಿಂದ ಪಂಪು, ಕಲೆಕ್ಟರ್ ಎರಡೂ ನಿಲ್ಲಬೇಕಿತ್ತು. ಫಿಟ್ ಮಾಡಿದವರು ವೈರನ್ನು ಸುತ್ತಿ, ಟೇಪ್ ಹಾಕಿ, ಹಿಂದೆ ತುರುಕಿ ಹೋಗಿದ್ದರು. ನಾನೂ ತೆರೆದು ನೋಡಿರಲಿಲ್ಲ, ಅದು ನನ್ನ ತಪ್ಪು.

ಕೇಳಿದರೆ "ಅದು ಆಪ್ಷನಲ್ ಸರ್" ಅಂದರು.

ರೀಫಿಲ್‌ಗೆ ಹನ್ನೊಂದು ದಿನ. ಬಂದ ಹುಡುಗ ಗೇಜಿನ ಮುಳ್ಳು ಹಸಿರಿನಲ್ಲಿದೆ ಅಂತ ಸಹಿ ಹಾಕಲು ಹೊರಟ. ಆ ಗೇಜು ಹೇಳುವುದು ಟ್ಯೂಬಿನ ಪ್ರೆಷರ್ ಅಷ್ಟೇ, ಸಿಲಿಂಡರಿನಲ್ಲಿ ಸಿಓ2 ಎಷ್ಟಿದೆ ಅಂತ ಗೊತ್ತಾಗಲು ತೂಕ ಹಾಕಬೇಕು. ಪಕ್ಕದ ಶೆಡ್ಡಿನಿಂದ ತಕ್ಕಡಿ ತರಿಸಿದೆ. ಮುಕ್ಕಾಲು ಕಿಲೋ ಕಮ್ಮಿ! ವಾಪಸ್ ಕಳಿಸಿದೆ.

ಬಾಕ್ಸ್ ಮಾತ್ರ ನಿಜಕ್ಕೂ ಚೆನ್ನಾಗಿದೆ. ಎರಡನೇ ಮೆಷಿನ್‌ಗೂ ಅದನ್ನೇ ತರಿಸಿದ್ದೇನೆ, ವೈರಿಂಗ್ ಮಾಡಿದ್ದು ನಮ್ಮ ಎಲೆಕ್ಟ್ರಿಷಿಯನ್. ಅರ್ಧ ದಿನದ ಕೆಲಸ.