ಕುರಿ ಲೆಕ್ಕದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ನಮ್ಮದು ಶಿರಾ ತಾಲ್ಲೂಕು. 38 ಹೆಣ್ಣು ಕುರಿ, ಎರಡು ಟಗರು ಇವೆ. ಮೇಯಿಸುವುದು ಅಣ್ಣ, ಫೋನಿನಲ್ಲಿ ಬರೆಯುವುದು ನಾನು. ಈ ಕುರಿ-ಮೇಕೆ ಆ್ಯಪ್ ಹಾಕಿಕೊಂಡು ಎರಡು ವರ್ಷ ದಾಟಿತು. ಹೆಸರು ಬರೆಯುವುದಿಲ್ಲ, ಸ್ವಲ್ಪ ಬೈಯುವುದಿದೆ.

ಮೊದಲ ದಿನವೇ ಭಾಷೆ ಕನ್ನಡ ಅಂತ ಒತ್ತಿದೆ. 'ತಮಾಷೆ ಮಾಡಿದ ದಿನಾಂಕ' ತುಂಬಿ ಅಂತ ಬಂತು. ಓದಿ ಹೇಳಿದರೆ ಅಣ್ಣ, "ಯಾರ ಜೊತೆ?" ಅಂದ. ಆಮೇಲೆ ಗೊತ್ತಾಯಿತು. ಇಂಗ್ಲಿಷಿನಲ್ಲಿ ಮೇಕೆ ಮರಿ ಹಾಕುವುದಕ್ಕೂ ತಮಾಷೆಗೂ 'ಕಿಡ್ಡಿಂಗ್' ಅಂತಲೇ ಅನ್ನುತ್ತಾರೆ. ಮಷಿನ್ ತಮಾಷೆಯನ್ನು ಆರಿಸಿಕೊಂಡಿದೆ. ಇವತ್ತಿಗೂ ಸರಿಮಾಡಿಲ್ಲ. ಈಗ ನಮ್ಮ ಮನೆಯಲ್ಲಿ ಕುರಿ ಮರಿ ಹಾಕಿದರೆ 'ತಮಾಷೆ ಮಾಡಿತು' ಅಂತಲೇ ಮಾತು.

ಟಗರು ಕುರಿಯ ಮೇಲೆ ಹಾರಿದ ದಿನ ತುಂಬಿದರೆ 150 ದಿನ ಎಣಿಸಿ, ಮರಿ ಹಾಕುವ ದಿನ ಹೇಳುತ್ತದಂತೆ. ಕೇಳಲು ಚೆಂದ. ಆದರೆ ನಮ್ಮಲ್ಲಿ ಟಗರು ವರ್ಷವಿಡೀ ಮಂದೆಯಲ್ಲೇ ಇರುತ್ತದೆ. ಯಾವಾಗ ಹಾರಿತು ಅಂತ ಕಾದು ಕೂತವರು ಯಾರು? ಆ ಜಾಗ ಖಾಲಿ ಬಿಟ್ಟೆ. ಮರಿ ಹಾಕಿದ ದಿನ ಮಾತ್ರ ತಪ್ಪದೆ ಬರೆದೆ.

ಕೆಲಸಕ್ಕೆ ಬಂದಿದ್ದು ಅದೇ. ವರ್ಷ ಕಳೆದ ಮೇಲೆ ಪಟ್ಟಿ ತೆಗೆದರೆ ಐದು ಕುರಿಗಳ ಮುಂದೆ ಏನೂ ಇಲ್ಲ. ಅಣ್ಣ ಒಪ್ಪಲೇ ಇಲ್ಲ. ಅವನಿಗೆ ಒಂದೊಂದು ಕುರಿಯ ಮುಖವೂ ಗೊತ್ತು. "ಕರಿಮೂತಿ ಮೊನ್ನೆ ತಾನೇ ಹಾಕಿತ್ತಲ್ಲೋ" ಅಂದ. ಆ ಮೊನ್ನೆಗೆ ಎರಡು ವರ್ಷ ಆಗಿತ್ತು. ಕರಿಮೂತಿ ಮಂದೆಯಲ್ಲೇ ದುಂಡಗಿನ ಕುರಿ, ನೋಡಿದವರೆಲ್ಲ ಹೊಗಳುತ್ತಿದ್ದರು. ಮರಿ ಹಾಕದೆ, ಹಾಲು ಕೊಡದೆ ದುಂಡಗಾಗಿತ್ತು, ಅಷ್ಟೇ. ಮೂರನ್ನು ಸಂತೆಗೆ ಹೊಡೆದೆವು. ಎರಡನ್ನು ಅಣ್ಣ ಹಟ ಹಿಡಿದು ಉಳಿಸಿಕೊಂಡ. ಅದರಲ್ಲಿ ಒಂದು ಆಮೇಲೆ ಅವಳಿ ಹಾಕಿತು, ಅದನ್ನು ಅವನು ಈಗಲೂ ಆಡಿ ತೋರಿಸುತ್ತಾನೆ.

ಇನ್ನು ಸಿಟ್ಟಿನ ವಿಷಯ. ಕುರಿ ಮೇಯಿಸುವ ಕಾವಲಿನಲ್ಲಿ ನೆಟ್‌ವರ್ಕ್ ಸಿಗಲ್ಲ. ನೆಟ್ ಇಲ್ಲದೆಯೂ ನಡೆಯುತ್ತದೆ ಅಂತ ಆ್ಯಪಿನವರು ಬರೆದುಕೊಂಡಿದ್ದಾರೆ. ನಂಬಿ 19 ಮರಿಗಳ ಲೆಕ್ಕ ತುಂಬಿದೆ. ಅಪ್‌ಡೇಟ್ ಆಯಿತು, 19 ಕೂಡ ಮಾಯ. ಫೋನ್ ಮಾಡಿದರೆ, "ಆ್ಯಪ್ ತೆಗೆದು ಮತ್ತೆ ಹಾಕಿ ಸರ್" ಅಂದರು. ಇದ್ದದ್ದೂ ಹೋದೀತು ಅಂತ ಹೆದರಿ ಸುಮ್ಮನಾದೆ. ಪುಣ್ಯಕ್ಕೆ ಅಣ್ಣ ಕುರಿ ಕೂಡುವ ರೊಪ್ಪದ ಕಲ್ಲಿನ ಮೇಲೆ ಸುಣ್ಣದಲ್ಲಿ ಗೀಟು ಹಾಕಿದ್ದ.

ಹೊಟ್ಟೆಯ ಜಂತುಹುಳ ಪತ್ತೆಗೆ ಕುರಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ಬಣ್ಣ ಹೋಲಿಸಿ ನೋಡುವ ಪಟವೂ ಆ್ಯಪಿನಲ್ಲಿ ಇದೆ. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ಜಂತು ರಕ್ತ ಹೀರುತ್ತಿರಬಹುದು. ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ಒಳ್ಳೆಯ ವಿಧಾನ ಇದು. ಬೇಕಾದ ಕುರಿಗೆ ಮಾತ್ರ ಔಷಧಿ ಕುಡಿಸಿದರೆ ಔಷಧಿ ಬೇಗ ಸಪ್ಪೆಯಾಗಲ್ಲ. ಆದರೆ ಬಣ್ಣವನ್ನು ಫೋನಿನಲ್ಲಿ ಹೋಲಿಸುವುದು ಹೇಗೆ? ಬೆಳಕು ಜಾಸ್ತಿ ಮಾಡಿದರೆ ಒಂದು ಬಣ್ಣ, ಕಮ್ಮಿ ಮಾಡಿದರೆ ಇನ್ನೊಂದು. ಬಿಸಿಲಿನಲ್ಲಂತೂ ಪರದೆಯೇ ಕಾಣಲ್ಲ. ಅಚ್ಚು ಹಾಕಿದ ಕಾರ್ಡು ಕೊಟ್ಟಿದ್ದರೆ ಸಾಕಿತ್ತು.

ಲಸಿಕೆಯ ನೆನಪೋಲೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಮಳೆಗೆ ಮುಂಚೆ ಕರುಳುಬೇನೆ ಲಸಿಕೆ ಅಂತ ಸರಿಯಾಗಿ ಕೂಗುತ್ತದೆ. ಪಿಪಿಆರ್ ಅನ್ನುವ ಕುರಿ-ಮೇಕೆ ಪ್ಲೇಗಿನ ಲಸಿಕೆಯನ್ನೂ ವರ್ಷ ವರ್ಷ ಹಾಕಿಸಿ ಅನ್ನುತ್ತದೆ. ಪಶು ಡಾಕ್ಟರಿಗೆ ತೋರಿಸಿದೆ, ನಕ್ಕರು. ಅದು ಒಮ್ಮೆ ಹಾಕಿದರೆ ಮೂರು ವರ್ಷ ತಡೆಯುತ್ತದೆ.

ಐದಕ್ಕೆ ಮೂರು ಸ್ಟಾರ್. ಅಣ್ಣನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಎಳೆ ಮರಿ ಇರುತ್ತದೆ. ಅವನು ಟೈಪ್ ಮಾಡುವುದು ಯಾವ ಕೈಯಲ್ಲಿ? ಮಾತಾಡಿದರೆ ಬರೆದುಕೊಳ್ಳುವ ಮೈಕ್ ಗುಂಡಿ ಇಡಿ ಅಂತ ಮೂರು ಸಲ ಕೇಳಿದ್ದೇನೆ. ಚಂದಾ ಈ ವರ್ಷವೂ ಕಟ್ಟಿದೆ, ಕರಿಮೂತಿಯಂಥವು ಇನ್ನೆಷ್ಟಿವೆಯೋ ನೋಡಬೇಕಲ್ವಾ. ಜೊತೆಗೊಂದು 100 ಪುಟದ ನೋಟ್‌ಬುಕ್ಕೂ ತಂದಿಟ್ಟಿದ್ದೇನೆ.